ಆಸಕ್ತಿ ಬಿದ್ದ ಕಣ್ಣು

ಮಾಡಿಕೊಟ್ಟ ಕಣ್ಣು ಸರಿಯಿಲ್ಲ ಎಂದು ಯಾರಾದರೂ ವಾಪಸು ಬಂದರೆ ಅವನಿಗೆ ಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಕುತೂಹಲ, ಕೊನೆಗೆ ನಾಚಿಕೆ. ಇವತ್ತು ಮೂರೂ ಒಟ್ಟಿಗೇ ಬಂದವು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ಕಿಟಕಿಯ ಗಾಜು ಒರೆಸುತ್ತಿದ್ದಾಗಲೇ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನ ಹೆಂಗಸೂ ಅವಳ ಅಣ್ಣನೂ ಮೆಟ್ಟಿಲು ಹತ್ತಿ ಬರುವುದು ಕಂಡಿತು. ಅವಳು ತಲೆ ತಗ್ಗಿಸಿದ್ದಳು, ಅಣ್ಣ ತಗ್ಗಿಸಿರಲಿಲ್ಲ. ಚಿಕ್ಕಂದಿನಲ್ಲಿ ಕಾಯಿಲೆ ಬಂದು ಅವಳ ಎಡಗಣ್ಣು ಹೋಗಿತ್ತು. ಹಾಕಿಕೊಂಡಿದ್ದ ಹಳೆಯ ಕೃತಕ ಕಣ್ಣು ಸವೆದು ಬಣ್ಣಗೆಟ್ಟಿದ್ದರಿಂದ ಹೋದ ತಿಂಗಳು ಅವನೇ ಹೊಸದು ಮಾಡಿಕೊಟ್ಟಿದ್ದ. ಕಣ್ಣು ಮಾಡುವುದು ಅವನ ಕಸುಬು. ಮೇಣದಲ್ಲಿ ಗುಳಿಯ ಅಚ್ಚು ತೆಗೆದು, ಪ್ಲಾಸ್ಟಿಕ್ಕಿನ ಪುಟ್ಟ ಬಿಲ್ಲೆಯ ಮೇಲೆ ಕೂದಲೆಳೆಯ ಕುಂಚದಿಂದ ಬಣ್ಣ ಬರೆದು, ಬಿಳಿಯ ಭಾಗದಲ್ಲಿ ರಕ್ತನಾಳಕ್ಕೆಂದು ಕೆಂಪು ರೇಷ್ಮೆಯ ಎಳೆ ಕೂರಿಸುವುದು. ನೋಡುವುದೊಂದನ್ನು ಬಿಟ್ಟು ಮಿಕ್ಕ ಎಲ್ಲ ಕೆಲಸವನ್ನೂ ಇವನ ಕಣ್ಣು ಮಾಡುತ್ತದೆ ಎಂದು ಕೆಳಗಿನ ಔಷಧಿ ಅಂಗಡಿಯವನು ಬಂದವರಿಗೆಲ್ಲ ಹೇಳಿ ನಗಿಸುವುದುಂಟು.

“ಸ್ವಾಮಿ, ಬಣ್ಣ ಎಲ್ಲಾ ಚೆನ್ನಾಗೇ ಇದೆ,” ಎಂದ ಅಣ್ಣ, ಕೂರುವುದಕ್ಕೂ ಮೊದಲೇ. “ಆದ್ರೆ ನೀವೇ ನೋಡಿ. ಒಂದು ಕಣ್ಣು ಸುಮ್ಮನೆ ನೋಡುತ್ತೆ. ಇನ್ನೊಂದು ನುಂಗೋ ಹಾಗೆ ನೋಡುತ್ತೆ. ಇವಳು ಕೂರೋದು ಟಿಕೆಟ್ ಕೌಂಟರಲ್ಲಿ. ಬಂದೋರೆಲ್ಲ ಏನಂದ್ಕೋಬೇಕು? ಒಬ್ಬ ಮುದುಕ ದಿನಾ ಬಂದು ಬೇಡದ ಊರಿಗೆಲ್ಲ ಟಿಕೆಟ್ ತಗೊಂಡು ಹೋಗ್ತಾನಂತೆ. ನಗಬೇಡಿ, ಮನೇಲಿ ನಮಗೆ ತಲೆ ಕೆಟ್ಟು ಹೋಗಿದೆ.”

ಯಾರೂ ನಕ್ಕಿರಲಿಲ್ಲ. ಅವನು ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಕೋಣೆಯಿಂದ ಅವನ ಹೆಂಡತಿ ಬಂದಳು. ಬಂದವರನ್ನು ಕೂರಿಸುವುದು, ದಿನ ಗೊತ್ತುಮಾಡುವುದು, ಫೋನು ತೆಗೆಯುವುದು ಎಲ್ಲ ಅವಳದೇ. ಅಂಗಡಿ ಅವಳ ಅಪ್ಪನದು. ಅವನು ಕೆಲಸ ಕಲಿಯಲು ಬಂದವನು, ಅಳಿಯನಾಗಿ ಉಳಿದವನು. ಅವಳು ಆ ಹೆಂಗಸಿನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು, ಒಮ್ಮೆ ಈ ಕಣ್ಣು ಒಮ್ಮೆ ಆ ಕಣ್ಣು ನೋಡಿದಳು, ಹಾಲು ಒಡೆದಿದೆ ಎನ್ನುವ ದನಿಯಲ್ಲಿ, “ಆಸಕ್ತಿ ಬಿದ್ದಿದೆ ಕಣ್ರೀ,” ಎಂದಳು.

ಬೇರೆಯವರಿಗೆ ಈ ಮಾತು ವಿಚಿತ್ರವಾಗಿ ಕೇಳಿಸುತ್ತಿತ್ತೇನೋ. ಆ ಅಂಗಡಿಯಲ್ಲಿ ಗುಳ್ಳೆ ಬಿದ್ದಿದೆ, ಧೂಳು ಬಿದ್ದಿದೆ ಎನ್ನುವ ಹಾಗೆಯೇ ಆಸಕ್ತಿ ಬಿದ್ದಿದೆ ಎನ್ನುವುದು ವಾಡಿಕೆ. ಮನುಷ್ಯನಿಗೆ ಯಾವುದರ ಮೇಲಾದರೂ ಮನಸ್ಸು ನೆಟ್ಟಿತೆಂದರೆ ಕಣ್ಣಿನ ಪಾಪೆ ಅಗಲವಾಗುತ್ತದೆ, ಅವನಿಗೇ ಗೊತ್ತಾಗದ ಹಾಗೆ. ಆ ಗಳಿಗೆಯಲ್ಲಿ ಅಳತೆ ತೆಗೆದುಕೊಂಡು ಕೃತಕ ಕಣ್ಣಿಗೆ ಪಾಪೆ ಬರೆದುಬಿಟ್ಟರೆ ಕೆಟ್ಟಿತು; ನಿಜವಾದ ಕಣ್ಣು ಆಮೇಲೆ ತಣ್ಣಗಾಗಿ ಕುಗ್ಗುತ್ತದೆ, ಬರೆದದ್ದು ಕುಗ್ಗುವುದಿಲ್ಲ. ಗೋಡೆ ನೋಡಿದರೂ ಆಸಕ್ತಿ, ಬಚ್ಚಲು ನೋಡಿದರೂ ಆಸಕ್ತಿ, ಹೆಣ ನೋಡಿದರೂ ಆಸಕ್ತಿ. ಅವನ ಮಾವ, ಅಂಗಡಿಯಲ್ಲಿ ಎಲ್ಲರೂ ದೊಡ್ಡವರು ಎನ್ನುತ್ತಿದ್ದ ಆ ಮನುಷ್ಯ, ಅವನಿಗೆ ಕುಂಚ ಹಿಡಿಯಲು ಕಲಿಸುವ ಮೊದಲು ಕಲಿಸಿದ್ದೇ ಇದನ್ನು: “ಬೇಜಾರಾದ ಕಣ್ಣಿನ ಅಳತೆ ತಗೋ. ಮನುಷ್ಯ ದಿನದ ಮುಕ್ಕಾಲು ಪಾಲು ಬೇಜಾರಲ್ಲೇ ಇರ್ತಾನೆ.” ಅದಕ್ಕಾಗಿ ಅಳತೆಯ ಹೊತ್ತಿಗೆ ಕುರ್ಚಿಯಲ್ಲಿದ್ದವರಿಗೆ ಬೇಸರ ಹಿಡಿಸುವುದು ಅಲ್ಲಿನ ಕ್ರಮವಾಗಿತ್ತು. ದೊಡ್ಡವರು ಸಿಮೆಂಟಿನ ಬೆಲೆ ಹೇಳಲು ಶುರುಮಾಡಿದರೆ ಅಳುತ್ತ ಬಂದವರ ಕಣ್ಣು ಕೂಡ ಸಪ್ಪಗಾಗುತ್ತಿತ್ತು. ಅವರ ನಂತರ ಆ ಕೆಲಸ ಮಗಳಿಗೆ ಬಂತು. ಅವಳು ಪಕ್ಕದಲ್ಲಿ ನಿಂತು ಹಿತ್ತಲ ಪೈಪು ಒಡೆದ ಕಥೆ ಹೇಳುತ್ತಾಳೆ. ಅವನು ಬೇರೆ ಬೇರೆ ಅಗಲದ ಕಪ್ಪು ಚುಕ್ಕೆಗಳಿದ್ದ ಪಟ್ಟಿಯನ್ನು ಕಣ್ಣಿನ ಪಕ್ಕ ಹಿಡಿದು ಪಾಪೆಗೆ ಹೊಂದುವ ಚುಕ್ಕೆ ಯಾವುದೆಂದು ನೋಡುತ್ತಾನೆ. ಇಬ್ಬರ ಸಂಸಾರದಲ್ಲಿ ಇಷ್ಟು ಹೊಂದಾಣಿಕೆಯ ಕೆಲಸ ಇನ್ನೊಂದಿರಲಿಲ್ಲ.

“ನೀವು ಅಳತೆ ತೆಗೆದಾಗ ನಾನು ಊರಲ್ಲಿರಲಿಲ್ಲ ಅಲ್ವಾ?” ಎಂದಳು ಹೆಂಡತಿ. ಅಷ್ಟೇ ಕೇಳಿದಳು. ಅವಳು ಆ ವಾರ ಅಕ್ಕನ ಮನೆಗೆ ಹೋಗಿದ್ದಳು. ಅವನು ಹೂಂಗುಟ್ಟಿದ. ಇನ್ನೊಂದು ಮಾಡಿಕೊಡುತ್ತೇವೆ, ಹಣ ಬೇಡ, ಈಗಲೇ ಮತ್ತೆ ಅಳತೆ ತೆಗೆಯೋಣ ಎಂದು ಅವಳೇ ಅಣ್ಣನನ್ನು ಸಮಾಧಾನ ಮಾಡಿದಳು. ಆತ, ಹಾಗಾದರೆ ಕೆಳಗೆ ಒಂದು ಸಿಗರೇಟು ಸೇದಿ ಬರುತ್ತೇನೆಂದು ಇಳಿದು ಹೋದ.

ಅವನು ಕೈ ತೊಳೆಯುವ ನೆಪದಲ್ಲಿ ಹಿಂದಿನ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತ. ತನ್ನ ಗುಟ್ಟು ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ; ಆದರೂ ಮೈ ಬಿಸಿಯಾಗಿತ್ತು. ಅವತ್ತು ಹೆಂಡತಿಯಿಲ್ಲದೆ ತಾನೇ ಬೇಸರದ ಮಾತು ಆಡಬೇಕಾಗಿ ಬಂದಿತ್ತು. ಅದು ಅವನಿಗೆ ಬಾರದ ವಿದ್ಯೆ. ಎರಡು ಸಲ ಕೆಮ್ಮಿ, ದಿನವಿಡೀ ಕೌಂಟರಿನಲ್ಲಿ ಏನು ಕಾಣಿಸುತ್ತದೆ ನಿಮಗೆ ಎಂದು ಕೇಳಿಬಿಟ್ಟ. ಅವಳು ಕೈಗಳು ಎಂದಳು. ಗಾಜಿನ ಮೇಲೆಲ್ಲ ನೋಟೀಸು ಅಂಟಿಸಿದ್ದಾರೆ, ಕೆಳಗಿನ ಸಂದಿಯಲ್ಲಿ ಬರೀ ಕೈ ಒಳಗೆ ಬರುತ್ತದೆ. ಆತುರದ ಕೈ, ಚಿಲ್ಲರೆಗೆ ಜಗಳ ತೆಗೆಯುವ ಕೈ, ವಾಪಸು ಬರುವ ಟಿಕೆಟ್ ಕೇಳದೆ ಬರೀ ಹೋಗುವುದಕ್ಕೆ ಮಾತ್ರ ಕೇಳುವವರ ಕೈ. ಅಂಥ ಕೈ ಬಂದರೆ ನಾನು ಬಗ್ಗಿ ಮುಖ ನೋಡುತ್ತೇನೆ ಎಂದಳು. ಒಂದೇ ಉಸಿರಿಗೆ ಹೇಳುತ್ತ ಹೋದಳು. ಅವನು ಪಟ್ಟಿ ಹಿಡಿದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರದಲ್ಲಿ, ಆ ಕಂದು ಬಣ್ಣದ ನಡುವೆ ಕಪ್ಪು ನಿಧಾನವಾಗಿ ಅರಳುವುದನ್ನು ನೋಡಿದ. ಎಷ್ಟೋ ಸಾವಿರ ಕಣ್ಣು ನೋಡಿದವನು ಹಾಗೆ ಅರಳಿದ್ದನ್ನು ನೋಡಿರಲಿಲ್ಲ. ಯಾಕೆಂದರೆ ಅರಳದ ಹಾಗೆ ನೋಡಿಕೊಳ್ಳುವುದೇ ಅವನ ಕೆಲಸವಾಗಿತ್ತು. ಇದು ತನಗೋಸ್ಕರ ಎಂದುಕೊಂಡನೆ? ಹಾಗೇನೂ ಅಂದುಕೊಳ್ಳಲಿಲ್ಲ. ಅಂದುಕೊಳ್ಳಲಿಲ್ಲವೆಂದೂ ಹೇಳುವ ಹಾಗಿಲ್ಲ. ಹೊಟ್ಟೆ ಬಂದ, ತಲೆ ನೆರೆತ ಮನುಷ್ಯ; ಸುಮ್ಮನೆ ಆ ಮಧ್ಯಾಹ್ನ ಯಾರೋ ಬೆನ್ನು ತಟ್ಟಿದ ಹಾಗಾಯಿತು. ಕಾಯಬೇಕಿತ್ತು, ನೀರು ಕೊಡಬೇಕಿತ್ತು, ಗೋಡೆ ನೋಡಿ ಎನ್ನಬೇಕಿತ್ತು. ಕೈ ತಪ್ಪಿತೆಂದು ಹೇಳಿಕೊಳ್ಳಬಹುದು. ಕೈ ತಪ್ಪಿರಲಿಲ್ಲ. ಗೊತ್ತಿದ್ದೇ ಆ ದೊಡ್ಡ ಚುಕ್ಕೆಯ ಮೇಲೆ ಬೆರಳಿಟ್ಟ. ಯಾಕೆಂದು ಈಗ ನಲ್ಲಿಯ ಮುಂದೆ ನಿಂತು ಕೇಳಿಕೊಂಡರೆ ಬಂದ ಉತ್ತರಗಳು ಒಂದೂ ಅವನ ವಯಸ್ಸಿಗೆ ತಕ್ಕ ಹಾಗಿರಲಿಲ್ಲ.

ಶಾಲೆಯಲ್ಲಿ ಒಬ್ಬ ಮೇಷ್ಟರು ಅಪ್ಪನನ್ನು ಕರೆಸಿ, ನಿಮ್ಮ ಹುಡುಗನಿಗೆ ಯಾವುದರಲ್ಲೂ ಆಸಕ್ತಿಯಿಲ್ಲ ಎಂದಿದ್ದರು. ಅಪ್ಪ ದಾರಿಯುದ್ದಕ್ಕೂ ಅದನ್ನೇ ಕೇಳುತ್ತ ಬಂದರು: ಯಾಕೋ ಇಲ್ಲ? ಎಲ್ಲರಿಗೂ ಇರೋದು ನಿನಗ್ಯಾಕೆ ಇಲ್ಲ? ಕಳೆದುಹೋದ ಛತ್ರಿಯ ಬಗ್ಗೆ ಕೇಳುವ ಹಾಗೆ. ಅವನು ನಿಜವಾಗಿಯೂ ಜೇಬು ತಡಕಿ ನೋಡಿಕೊಂಡ. ಆಮೇಲೆ ಬೆಳೆಯುತ್ತ ಆ ಮಾತು ಎಲ್ಲಿ ಹೋದರೂ ಕಿವಿಗೆ ಬಿತ್ತು. ಆಸಕ್ತಿಯಿಂದ ಓದು, ಆಸಕ್ತಿಯಿಂದ ಉಣ್ಣು, ನಿಮಗೆ ಆಸಕ್ತಿಯಿದ್ದರೆ ಇಲ್ಲೊಂದು ಸೈಟಿದೆ ಸಾರ್. ಜನ ಅದನ್ನು ಎಲ್ಲದಕ್ಕೂ ಉದುರಿಸುತ್ತಿದ್ದರು. ಅವನಿಗೆ ಮಾತ್ರ ಅದರ ಅರ್ಥ ಕೈಗೆ ಸಿಕ್ಕಿದ್ದು ಈ ಅಂಗಡಿಯಲ್ಲಿ, ಮಾವನ ಬಾಯಿಯಿಂದ, ಚುಕ್ಕೆ ಪಟ್ಟಿಯ ಮೇಲೆ. ಇಷ್ಟಗಲವಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅಬ್ಬಾ ಎನ್ನಿಸಿತ್ತು. ಇಷ್ಟು ಸುಲಭವೇ ಇದು!

“ರೀ, ಬರ್ತೀರಾ?” ಎಂದು ಹೆಂಡತಿ ಕರೆದಳು.

ಈ ಸಲ ಎಲ್ಲ ಕ್ರಮವಾಗಿಯೇ ನಡೆಯಿತು. ಬಾಗಿಲು ತೆರೆದಿತ್ತು, ಕಿಟಕಿಯ ಪರದೆ ಸರಿಸಿತ್ತು. ಆ ಹೆಂಗಸು ಕುರ್ಚಿಯಲ್ಲಿ ಕೂತಳು. ಹೆಂಡತಿ ಅವಳ ಭುಜದ ಪಕ್ಕ ನಿಂತು ಇಸ್ತ್ರಿ ಹಾಕಿದ ದನಿಯಲ್ಲಿ ಶುರುಮಾಡಿದಳು. “ಹಿತ್ತಲ ಪೈಪು ಮೊನ್ನೆ ಮತ್ತೆ ಸೋರೋಕೆ ಶುರುವಾಯ್ತು ನೋಡಿ. ಪ್ಲಂಬರ್ ಬಂದ. ಮುಕ್ಕಾಲು ಇಂಚಿಂದು ಹಾಕ್ಬೇಕು ಅಂದ. ನಾನು ಒಂದಿಂಚಿಂದೇ ಇರಲಿ ಅಂದೆ. ಒಂದಿಂಚಿಂದಕ್ಕೆ ಬೆಂಡು ಸಿಗಲ್ಲ ಅಂದ. ಬೆಂಡು ಅಂದ್ರೆ ಮೂಲೇಲಿ ತಿರುಗುತ್ತಲ್ಲ, ಅದು. ಎರಡು ಥರ ಬರುತ್ತೆ...” ಅವನು ಪಟ್ಟಿ ಹಿಡಿದ. ಕಂದು ಬಣ್ಣದ ನಡುವೆ ಕಪ್ಪು ಸಣ್ಣಗೆ, ಅಚ್ಚುಕಟ್ಟಾಗಿ, ಏನೂ ಬೇಡದ ಹಾಗೆ ಇತ್ತು. ಮೂರನೆಯ ಚುಕ್ಕೆಗೆ ಸರಿಯಾಗಿ ಕೂತಿತು. ಹೋದ ಸಲದ್ದು ಆರನೆಯದು. ಇನ್ನು ಎದ್ದುಬಿಡಬಹುದಿತ್ತು. ಕೆಲಸ ಮುಗಿದ ಮೇಲೂ ಅವನು ಪಟ್ಟಿ ಹಿಡಿದೇ ಇದ್ದ. ಇನ್ನೊಂದು ಸಲ ಅರಳುತ್ತದೋ ಏನೋ ಎಂದು ಕಾಯುತ್ತಿದ್ದೇನೆ ಎಂಬುದು ಹೊಳೆದದ್ದೇ ಕಿವಿ ಕಾವೇರಿತು.

ಆಗ ಆ ಹೆಂಗಸು, ಅವನ ಮುಖ ನೋಡಿ ಪಾಪ ಎನ್ನಿಸಿತೋ ಏನೋ, “ನಿಮ್ಮ ತಪ್ಪೇನಿಲ್ಲ ಸರ್,” ಎಂದಳು. “ಅವತ್ತು ನನಗೆ ಹೆದರಿಕೆ ಆಗಿತ್ತು. ಬಾಗಿಲು ಬೇರೆ ಹಾಕಿತ್ತು. ನೀವು ಅಷ್ಟು ಹತ್ತಿರ ಕೂತು, ಮಾತೂ ಆಡದೆ ನೋಡ್ತಾನೇ ಇದ್ರಿ. ಹೆದರಿಕೆ ಆದಾಗ ನನಗೆ ಬಾಯಿ ನಿಲ್ಲಲ್ಲ, ಏನೇನೋ ಹೇಳ್ತಾ ಹೋಗ್ತೀನಿ. ಕೈ ಕಾಲು ಅಂತ ಏನೋ ಹೇಳಿದೆ ಅನ್ಸುತ್ತೆ. ಇವತ್ತು ಅಕ್ಕ ಇದ್ದಾರಲ್ಲ, ಏನೂ ಇಲ್ಲ.”

ಅವಳು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅದೇ ಹೆಚ್ಚು ಚುಚ್ಚಿತು. ಹೆಂಡತಿಯ ದನಿ ಒಂದಿಂಚಿನ ಪೈಪಿನಲ್ಲಿ ಒಂದು ಗಳಿಗೆ ನಿಂತು, ಮತ್ತೆ ಹರಿಯತೊಡಗಿತು. ಅವನಿಗೆ ಎಲ್ಲಿಗಾದರೂ ಎದ್ದು ಹೋಗಬೇಕೆನಿಸಿತು, ಆದರೆ ಆ ಅಂಗಡಿಯಲ್ಲಿ ಹೋಗಬಹುದಾದ ಜಾಗವೆಂದರೆ ನಲ್ಲಿಯೊಂದೇ, ಅಲ್ಲಿಗೆ ಆಗಲೇ ಹೋಗಿಬಂದಾಗಿತ್ತು. ಮೂರನೆಯ ಚುಕ್ಕೆ ಎಂದು ಗಟ್ಟಿಯಾಗಿ ಹೇಳಿದ. ಮೇಲೆ ಬಂದ ಅಣ್ಣನಿಗೆ, ಹದಿನೈದು ದಿನದಲ್ಲಿ ಆಗುತ್ತದೆ ಎಂದ. ಆತ ಕೈ ಮುಗಿದ. ತಂಗಿ ಮೆಟ್ಟಿಲಿಳಿಯುವಾಗ ಹಿಂತಿರುಗಿ ನಕ್ಕಳು. ಬಲಗಣ್ಣು ಸುಮ್ಮನೆ ನಕ್ಕಿತು, ಎಡಗಣ್ಣು ಹೆದರಿಕೊಂಡೇ ನಕ್ಕಿತು. ಹೋದ ತಿಂಗಳು ಅದನ್ನು ನೋಡಿ, ಇಷ್ಟು ಜೀವವಿರುವ ಕಣ್ಣು ನಾನು ಇನ್ನೊಂದು ಮಾಡಿಲ್ಲ ಎಂದು ಅವನು ಒಳಗೊಳಗೇ ಬೀಗಿದ್ದ. ಒಬ್ಬ ಹೆಂಗಸಿನ ಭಯಕ್ಕೆ ಅಚ್ಚು ಹಾಕಿ, ಹೊಳಪು ಕೊಟ್ಟು, ಅವಳ ಮುಖದಲ್ಲೇ ಕೂರಿಸಿ ಕಳಿಸಿದ್ದ. ಮುದುಕ ಅದಕ್ಕೆ ಮರುಳಾಗಿ ಊರೂರಿನ ಟಿಕೆಟ್ ಕೊಂಡ. ಆ ಮುದುಕನಿಗೂ ತನಗೂ ಏನು ವ್ಯತ್ಯಾಸ ಎಂದು ಯೋಚಿಸಿದ. ಮುದುಕ ದುಡ್ಡು ಕೊಟ್ಟಿದ್ದ.

ಹೆಂಡತಿ ಊಟ ಹಾಕಿದಳು, ಫೋನು ತೆಗೆದಳು, ಮಗಳು ಹಾಸ್ಟೆಲಿನಿಂದ ಏನೋ ಕೇಳಿದ್ದಕ್ಕೆ ಗದರಿದಳು. ತನಗೇನಾದರೂ ಅಂದಿದ್ದರೆ ಜಗಳವಾಡಬಹುದಿತ್ತು. ಮಧ್ಯಾಹ್ನ ಅವನು ಹೊಸ ಬಿಲ್ಲೆ ತೆಗೆದುಕೊಂಡು ಕಿಟಕಿಯ ಹತ್ತಿರ ಕೂತ. ಮೊದಲು ಮೂರನೆಯ ಅಳತೆಯ ಕಪ್ಪು, ಆಮೇಲೆ ಸುತ್ತ ಕಂದು, ಕಂದಿನೊಳಗೆ ಜೇನಿನ ಬಣ್ಣದ ಎಳೆಗಳು. ಬರೆದದ್ದರ ಮೇಲೆ ಒಂದು ಹನಿ ನೀರಿಟ್ಟರೆ ಬಣ್ಣ ಆಳಕ್ಕಿಳಿದು ನಿಜವಾದ ಕಣ್ಣಿನ ಹಾಗೆ ಕಾಣುತ್ತದೆ. ಹಾಗೆ ನೋಡಿ ನೋಡಿ ತಿದ್ದಬೇಕು. ನೀರಿಟ್ಟು ನೋಡಿದ. ಕಣ್ಣು ಅವನನ್ನು ತಣ್ಣಗೆ ನೋಡಿತು. ಸರಿಯಾಗಿತ್ತು. ಸರಿಯಾದದ್ದರಿಂದ ಸಂತೋಷವೇನೂ ಆಗಲಿಲ್ಲ. ತಲೆಯಲ್ಲಿ ಬೇರೆಯೇ ಒಂದು ಹುಳ ಕೊರೆಯುತ್ತಿತ್ತು. ಹೆದರಿಕೆಗೂ ಅರಳುತ್ತದೆ ಎಂಬುದು ತನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಕುರ್ಚಿಯಲ್ಲಿ ಕೂತವರಲ್ಲಿ ಅರ್ಧ ಜನ ಹೆದರಿಕೊಂಡೇ ಬರುತ್ತಾರೆ. ಗೊತ್ತಿದ್ದೂ ಇಬ್ಬರೂ, ಮಾವನೂ ಅವನೂ, ಎಲ್ಲದಕ್ಕೂ ಆ ಒಂದೇ ಹೆಸರಿಟ್ಟು ಆರಾಮಾಗಿದ್ದರು. ಮೇಜಿನ ಮೇಲೆ ಹಾಗೆ ಕರೆದದ್ದರಿಂದ ನಷ್ಟವೇನಿರಲಿಲ್ಲ. ಆದರೆ ಮಾವ ಆ ಹೆಸರನ್ನು ಮೇಜಿನಿಂದ ಎತ್ತಿಕೊಂಡು ಮನೆಯೊಳಗೂ ತಂದಿದ್ದರು.

ಅದು ಇದೇ ಕೋಣೆಯಲ್ಲಿ. ಅವನು ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ. ದೊಡ್ಡವರ ಮಗಳು ತೊಳೆದ ಕುಂಚಗಳನ್ನು ತಂದು ಮೇಜಿನ ಮೇಲಿಟ್ಟು ಹೋದಳು. ಅವಳು ಆ ಕಡೆ ಹೋದದ್ದೇ ದೊಡ್ಡವರು ಕನ್ನಡಕ ತೆಗೆದು, “ಹುಡುಗಿ ಕಣ್ಣಲ್ಲಿ ಆಸಕ್ತಿ ಬಿದ್ದಿದೆ ಕಣಯ್ಯಾ. ನಿನ್ನ ನೋಡಿದಾಗ ಪಾಪೆ ಇಷ್ಟಗಲ ಆಗುತ್ತೆ. ನಾನು ನಾಕು ದಿನದಿಂದ ಗಮನಿಸ್ತಾ ಇದ್ದೀನಿ. ಏನು ಹೇಳ್ತೀಯ?” ಎಂದರು. ಅವನ ಮದುವೆಯ ಮಾತು ಆದದ್ದು ಅಷ್ಟೇ. ಯಾವುದರಲ್ಲೂ ಆಸಕ್ತಿಯಿಲ್ಲದವನ ಮೇಲೆ ಯಾರಿಗೋ ಆಸಕ್ತಿ! ಅದೂ ಅಳೆದು ನೋಡಿದ್ದು, ಪಾಪೆ ಓದುವುದರಲ್ಲಿ ಎಂದೂ ಎಡವದವರು ಹೇಳಿದ್ದು. ಅವನು ಅವತ್ತಿನಿಂದ ಆ ಮಾತಿನ ಮೇಲೆ ಗಟ್ಟಿ ನೆಲದ ಮೇಲೆ ಕೂತ ಹಾಗೆ ಕೂತುಬಿಟ್ಟ. ಹೆಂಡತಿ ಮಾತಾಡದೆ ಮಲಗಿದ ದಿನ, ಅಂಗಡಿ ನನ್ನಪ್ಪನದು ಎಂದು ಎತ್ತಿ ಆಡಿದ ದಿನ, ಅವಳ ಕಣ್ಣು ತನ್ನ ಮೇಲೆ ಮೂರನೆಯ ಚುಕ್ಕೆಯ ಹಾಗೆ ಬಿದ್ದು ಸರಿದುಹೋದ ಸಾವಿರ ದಿನ, ಇರಲಿ, ಬುಡದಲ್ಲಿ ಅದು ಇದೆಯಲ್ಲ ಎಂದುಕೊಳ್ಳುತ್ತಿದ್ದ. ಅವಳನ್ನು ಎಂದೂ ಕೇಳಿರಲಿಲ್ಲ. ಅಳೆದದ್ದನ್ನು ಕೇಳುವುದೇನು? ಈಗ ನೀರಿನ ಹನಿಯ ಅಡಿಯಲ್ಲಿ ಆ ತಣ್ಣನೆಯ ಕಣ್ಣನ್ನು ನೋಡುತ್ತ ಅವನಿಗೆ ನೆನಪಾಯಿತು: ಆಗ ಅವಳಿಗೆ ಹತ್ತೊಂಬತ್ತು. ಮನೆಗೆ ಹೊಸದಾಗಿ ಬಂದು ಸೇರಿದ್ದ, ಮಾತೂ ಆಡದೆ ಎಲ್ಲರ ಕಣ್ಣನ್ನೂ ದಿಟ್ಟಿಸುವುದನ್ನು ಕಲಿಯುತ್ತಿದ್ದ ಗಂಡಸು ತಾನು. ಕುಂಚ ಇಟ್ಟುಬಿಟ್ಟ.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅವಳು ಒಳಗೆ ಬಂದು ಮೇಜಿನ ಮೇಲಿನ ಬಣ್ಣದ ಬಟ್ಟಲುಗಳನ್ನು ಒರೆಸತೊಡಗಿದಳು. ಬೆನ್ನು ಅವನ ಕಡೆಗಿತ್ತು. ಬೆನ್ನನ್ನು ಕೇಳುವುದು ಸುಲಭ ಎಂದುಕೊಂಡು ಅವನು ಕೇಳಿಬಿಟ್ಟ. “ಲೇ, ದೊಡ್ಡವರು ಅವತ್ತು ನಿನ್ನ ಕಣ್ಣು ನೋಡಿ ನನಗೆ ಹೇಳಿದ್ರಲ್ಲ... ಅದು ಆಸಕ್ತಿನೇನಾ?”

ಅವಳ ಕೈ ನಿಂತಿತು. ಅವಳು ಸುಳ್ಳು ಹೇಳುವವಳಲ್ಲ. ಅವನಿಗೆ ಅದೇ ಭಯ. ಹೌದು ಎನ್ನಲಿ, ಬಾಯಿಮಾತಿಗಾದರೂ ಎನ್ನಲಿ ಎಂದು ಮನಸ್ಸು ಗೋಗರೆಯಿತು. ಅವಳು ಬಟ್ಟೆಯನ್ನು ಕೈಯಲ್ಲೇ ಹಿಡಿದು ತಿರುಗಿದಳು.

“ಗೊತ್ತಿಲ್ಲ ಕಣ್ರೀ,” ಎಂದಳು. “ನನಗೇನೂ ಗೊತ್ತಾಗಿರ್ಲಿಲ್ಲ. ಅಪ್ಪ ಬಂದು, ನಿನಗೆ ಆ ಹುಡುಗನ ಮೇಲೆ ಆಸಕ್ತಿ ಇದೆ ಕಣಮ್ಮಾ ಅಂದ್ರು. ಅಪ್ಪ ಹೇಳಿದ್ಮೇಲೆ ಇರಬೇಕು ಅಂದ್ಕೊಂಡೆ. ಆಮೇಲೆ ಇದೆ ಅಂತಾನೇ ಅಂದ್ಕೊಂಡು ಬಂದೆ. ಮಗು, ಅಂಗಡಿ, ಅಪ್ಪನ ಕಾಯಿಲೆ... ಇದೆಯೋ ಇಲ್ವೋ ಅಂತ ನೋಡೋಕೆ ಪುರುಸೊತ್ತೆಲ್ಲಿತ್ತು?”

“ಈಗ?”

“ಈಗಾ?” ಅವಳು ಅವನನ್ನು ಗುರುತು ಹಿಡಿಯುವವಳ ಹಾಗೆ ನೋಡಿದಳು. “ಎಲ್ರೂ ನನ್ನ ಕಣ್ಣೇ ನೋಡಿದ್ರಿ. ನಿಮ್ಮದನ್ನ ಅವತ್ತು ಯಾರೂ ನೋಡ್ಲಿಲ್ಲ ಅಲ್ವಾ?”

ಅವನಿಗೆ ಈ ಪ್ರಶ್ನೆ ಬರುತ್ತದೆಂದು ಕನಸಿನಲ್ಲೂ ಇರಲಿಲ್ಲ. ಆ ದಿನ ಅವಳು ಕುಂಚ ತಂದಿಟ್ಟಾಗ ತಾನು ಏನು ನೋಡುತ್ತಿದ್ದೆ? ಎಷ್ಟು ತಡಕಿದರೂ ಅವಳ ಮುಖ ಸಿಗಲಿಲ್ಲ. ಸಿಕ್ಕಿದ್ದು ಹತ್ತಿ ಹಾಸಿದ ಒಂದು ಟ್ರೇ, ಅದರ ತುಂಬ ಸಾಲು ಸಾಲು ಕಣ್ಣು, ಒಂದಕ್ಕಿಂತ ಒಂದು ಚೆಂದ. ಜೀವನದಲ್ಲಿ ಮೊದಲ ಸಲ ಅವನಿಗೆ ಏನನ್ನೋ ಬೇಕೇ ಬೇಕು ಎನ್ನಿಸಿದ್ದು ಆ ಟ್ರೇಯ ಮುಂದೆ. ಒಂದು ಸುಳ್ಳು ನಾಲಗೆಯ ತುದಿಗೆ ಬಂತು. ಎದುರಿಗೆ ನಿಂತವಳು ಆಡಿದ ಮಾತಿನ ಮುಂದೆ ಅದು ನಿಲ್ಲಲಿಲ್ಲ.

“ನನಗೆ ಈ ಕೆಲಸ ಬೇಕಾಗಿತ್ತು,” ಎಂದ. “ಕಣ್ಣು ಮಾಡೋದು ಬೇಕಾಗಿತ್ತು. ನೀನು... ನಿನ್ನನ್ನ ನಾನು ಸರಿಯಾಗಿ ನೋಡಿರ್ಲೇ ಇಲ್ಲ.”

ಹೇಳಿಯಾದ ಮೇಲೆ ಅವನು ತಲೆ ತಗ್ಗಿಸಿದ. ಇನ್ನು ಅವಳು ಬಟ್ಟೆಯನ್ನು ಮೇಜಿನ ಮೇಲೆ ಎಸೆದು ಹೋಗುತ್ತಾಳೆ, ಅಕ್ಕನ ಮನೆಗೇ ಹೋಗುತ್ತಾಳೋ ಏನೋ, ಹೋದರೆ ತಡೆಯಲು ತನ್ನಲ್ಲಿ ಯಾವ ಮಾತೂ ಇಲ್ಲ ಎಂದುಕೊಂಡ. ಅವಳು ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಅವನ ಎದುರು ಕೂತಳು. ಒದ್ದೆ ಕೈಯಿಂದ ಅವನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆಗೆತ್ತಿದಳು. ಅಳತೆಯ ಕುರ್ಚಿಯಲ್ಲಿ ಕೂತ ಎಷ್ಟೋ ಜನರ ಗಲ್ಲ ಹಿಡಿದವನ ಗಲ್ಲವನ್ನು ಈವರೆಗೆ ಯಾರೂ ಹಿಡಿದಿರಲಿಲ್ಲ. ಅವಳ ಕೈಯಿಂದ ಟರ್ಪೆಂಟೈನಿನ ವಾಸನೆ ಬರುತ್ತಿತ್ತು. ಅವನು ಸೂರು ನೋಡಿದ, ಕಪಾಟು ನೋಡಿದ.

“ಅಲ್ಲೆಲ್ಲಾ ಏನಿದೆ? ನನ್ನ ನೋಡಿ.”

ನೋಡಿದ. ಅವಳ ಹುಬ್ಬಿನ ಹತ್ತಿರ ಒಂದು ಸಣ್ಣ ಗಾಯದ ಕಲೆಯಿತ್ತು. ಅದು ಎಂದಿನದೋ, ಯಾಕಾದದ್ದೋ ಅವನಿಗೆ ತಿಳಿಯದು. ಕೇಳಬೇಕೆನಿಸಿತು. ಅವಳ ಪಾಪೆ ಎಷ್ಟನೆಯ ಚುಕ್ಕೆಯದೆಂದು ನೋಡುವುದು ಮರೆತೇಹೋಯಿತು.

“ಅಗಲ ಆಗಿದೆ,” ಎಂದಳು ಅವಳು. “ಹೆದರಿಕೆನಾ?”

“ಗೊತ್ತಾಗ್ತಿಲ್ಲ,” ಎಂದ ಅವನು.

ಅವಳು ಗಲ್ಲದಿಂದ ಕೈ ತೆಗೆಯಲಿಲ್ಲ. “ಅಲ್ಲಾಡ್ಬೇಡಿ,” ಎಂದಳು.